ಕ್ಯಾಥರೀನ್ ಮೋರ್ಲೆಂಡ್: ಹಾಸ್ಯ ಕಾದಂಬರಿಯ ಒಬ್ಬ ಸಾಮಾನ್ಯ ನಾಯಕಿ

ರಸಗಳ ಪಂಕ್ತಿಯಲ್ಲಿ ಹಾಸ್ಯಕ್ಕೆ ಸಂದ ಗೌರವ ಅಷ್ಟಕ್ಕಷ್ಟೆ. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂದು ಹೇಳುವ ಭರತನ ನಾಟ್ಯಶಾಸ್ತ್ರವು, ಅದು ಹೆಚ್ಚಾಗಿ ಸ್ತ್ರೀಯರಲ್ಲೂ ನೀಚಪ್ರಕೃತಿಯವರಲ್ಲೂ ಕಾಣುತ್ತದೆಂದು ಸೇರಿಸುತ್ತದೆ. ಈ ಎಣಿಕೆಯ ನೆರಳು ಇಂದಿನ ವಿದ್ವದ್ವಲಯದ ಮೇಲೂ ಇದೆ. ದುರಂತ ಕಾದಂಬರಿಯನ್ನು ಓದಿದವರು ಅದನ್ನು ಹೇಳಿಕೊಳ್ಳುತ್ತಾರೆ. ತಿಳಿಹಾಸ್ಯದ ಕಾದಂಬರಿಯನ್ನು ಎರಡು ಸಲ ಓದಿ ನಕ್ಕವರು ಅದನ್ನು ಕಾಲಹರಣವೆಂದು ಕರೆದು ಸುಮ್ಮನಾಗುತ್ತಾರೆ. ಈ ಸಂಕೋಚ ಅನಗತ್ಯವೆಂಬುದಕ್ಕೆ ಜೇನ್ ಆಸ್ಟೆನ್‌ಳ ‘ನಾರ್ಥ್ಯಾಂಗರ್ ಅಬೆ’ ಒಂದು ಒಳ್ಳೆಯ ನಿದರ್ಶನ.

ಈ ಕೃತಿ ಪಟ್ಟ ಪಾಡೇ ಒಂದು ಕಥೆ. ‘ಸೂಸನ್’ ಎಂಬ ಹೆಸರಿನ ಇದರ ಹಸ್ತಪ್ರತಿ 1803ರಲ್ಲಿ ಲಂಡನ್ನಿನ ಪ್ರಕಾಶಕನೊಬ್ಬನಿಗೆ 10 ಪೌಂಡಿಗೆ ಮಾರಾಟವಾಯಿತು. ಆತ ಅದನ್ನು ಅಚ್ಚು ಹಾಕಿಸಲೇ ಇಲ್ಲ. 1816ರಲ್ಲಿ ಅಷ್ಟೇ ಹಣ ತೆತ್ತು ಅದನ್ನು ಮರಳಿ ಪಡೆಯಬೇಕಾಯಿತು. 1817ರ ಜುಲೈ 18ರಂದು ಆಸ್ಟೆನ್ ತೀರಿಕೊಂಡಳು. ಗ್ರಂಥ ಹೊರಬಂದದ್ದು ಆ ವರ್ಷದ ಡಿಸೆಂಬರಿನ ಕೊನೆಗೆ. ನಗಿಸಲೆಂದು ಬರೆದವಳಿಗೆ ಓದುಗರ ನಗೆ ಕೇಳುವ ಭಾಗ್ಯ ದೊರೆಯಲಿಲ್ಲ.

ನಾಯಕಿ ಕ್ಯಾಥರೀನ್ ಹತ್ತು ಮಕ್ಕಳ ಪಾದ್ರಿ ಕುಟುಂಬದ ಹುಡುಗಿ. ಅಪೂರ್ವ ಚೆಲುವಿಲ್ಲ, ಸಂಗೀತ ಹತ್ತಲಿಲ್ಲ, ಚಿತ್ರಕಲೆ ಒಲಿಯಲಿಲ್ಲ. ಬಾಲ್ಯದಲ್ಲಿ ಕ್ರಿಕೆಟ್ ಆಡುವುದೂ ಹುಲ್ಲಿನ ಇಳಿಜಾರಿನಲ್ಲಿ ಉರುಳುವುದೂ ಆಕೆಗೆ ಇಷ್ಟ. ಹದಿನೇಳನೆಯ ವಯಸ್ಸಿಗೆ ಬಾತ್ ನಗರಕ್ಕೆ ಬಂದವಳು ಆನ್ ರ‍್ಯಾಡ್‌ಕ್ಲಿಫ್‌ಳ ‘ಉಡಾಲ್ಫೊ’ದಂತಹ ಭೀತಿಕಥೆಗಳಿಗೆ ಮರುಳಾಗುತ್ತಾಳೆ. ಮುಂದೆ ಹಳೆಯ ಮಠವೊಂದನ್ನು ಮನೆ ಮಾಡಿಕೊಂಡ ಟಿಲ್ನಿ ಕುಟುಂಬದ ಅತಿಥಿಯಾದಾಗ, ಗಾಳಿಮಳೆಯ ರಾತ್ರಿ ಕಪಾಟಿನಲ್ಲಿ ಸಿಕ್ಕ ಕಾಗದದ ಸುರುಳಿಯನ್ನು ನಿಗೂಢ ಲಿಖಿತವೆಂದು ಭಾವಿಸಿ ನಿದ್ರೆಗೆಡುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅದು ಬಟ್ಟೆ ಒಗೆಸಿದ ಲೆಕ್ಕ! ತಾಳೆಗರಿಯ ಕಟ್ಟಿನಲ್ಲಿ ಅಜ್ಞಾತ ಕಾವ್ಯವನ್ನು ನಿರೀಕ್ಷಿಸಿ ಭತ್ತದ ಲೆಕ್ಕವನ್ನು ಕಂಡ ಸಂಶೋಧಕನು ಈ ಹುಡುಗಿಯನ್ನು ಪರಕೀಯಳೆಂದು ಬಗೆಯಲಾರ. ಮೀಮಾಂಸಕರು ಹೇಳುವ ಸಾಧಾರಣೀಕರಣ ಇಲ್ಲಿ ಶೋಕದ ಮೂಲಕವಲ್ಲ, ಪೆದ್ದುತನದ ಮೂಲಕ ನಡೆಯುತ್ತದೆ.

ಆದರೆ ಹಾಸ್ಯ ಅಲ್ಲಿಗೇ ನಿಲ್ಲುವುದಿಲ್ಲ. ಮನೆಯ ಯಜಮಾನ ಜನರಲ್ ಟಿಲ್ನಿ ತನ್ನ ಹೆಂಡತಿಯ ಸಾವಿಗೆ ಕಾರಣನೆಂದು ಆಕೆ ಶಂಕಿಸುತ್ತಾಳೆ. ಅವನ ಮಗ ಹೆನ್ರಿ ಆ ಶಂಕೆಯನ್ನು ಊಹಿಸಿ ಆಕ್ಷೇಪಿಸಿದಾಗ ನಾಚಿ ಅಳುತ್ತಾಳೆ. ಕೆಲವು ವಾರಗಳ ಬಳಿಕ ಆಕೆ ಸಿರಿವಂತೆಯಲ್ಲವೆಂದು ತಿಳಿದ ಅದೇ ಜನರಲ್, ಒಬ್ಬ ಆಳನ್ನೂ ಜೊತೆಗೆ ಕಳುಹಿಸದೆ 70 ಮೈಲಿ ದೂರದ ಊರಿಗೆ ಅವಳನ್ನು ಹೊರದೂಡುತ್ತಾನೆ. ಅವನು ಕೊಲೆಗಾರನಲ್ಲ, ಆದರೆ ಕ್ರೂರಿ ಹೌದು. ಹುಡುಗಿಯ ಊಹೆ ವಿವರದಲ್ಲಿ ತಪ್ಪಿತ್ತು, ಮನುಷ್ಯನ ಅಂದಾಜಿನಲ್ಲಿ ಪೂರ್ತಿ ತಪ್ಪಿರಲಿಲ್ಲ. ಅದುವರೆಗೆ ಆಕೆಯನ್ನು ಕಂಡು ನಕ್ಕ ಓದುಗನು ಇಲ್ಲಿ ತನ್ನ ನಗೆಯನ್ನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಉಪದೇಶಪರವಾದ ಕಥನಕ್ಕೆ ಇದು ಸುಲಭಸಾಧ್ಯವಲ್ಲ.

ಕನ್ನಡದ ಓದುಗನಿಗೆ ಈ ಸಂದರ್ಭದಲ್ಲಿ ಮುದ್ದಣನ (1870–1901) ಮನೋರಮೆ ನೆನಪಾಗುವುದು ಸಹಜ. ‘ಶ್ರೀರಾಮಾಶ್ವಮೇಧಂ’ ಕಾದಂಬರಿಯಲ್ಲ, ಪುರಾಣವಸ್ತುವಿನ ಗದ್ಯಕಾವ್ಯ. ಆದರೂ ಅದರ ರಾಮಕಥೆಯಷ್ಟೇ ಮನಸ್ಸಿನಲ್ಲಿ ನಿಲ್ಲುವುದು ಗಂಡನ ಸಂಸ್ಕೃತಭೂಯಿಷ್ಠ ಮಾತನ್ನು ಹಾಸ್ಯಮಾಡುವ, ಪದ್ಯ ಬೇಡ ಗದ್ಯವೇ ಸಾಕೆಂದು ಹಟ ಹಿಡಿಯುವ ಆ ಗೃಹಿಣಿ. ಕ್ಯಾಥರೀನ್ ಕಥೆಯನ್ನು ನಂಬಿ ಎಡವುವ ಓದುಗಿತಿ. ಮನೋರಮೆ ಕಥೆಗಾರನನ್ನೇ ತಿದ್ದುವ ಕೇಳುಗಿತಿ. ಇಬ್ಬರೂ ಮಹಾಸತಿಯರಲ್ಲ, ವೀರಾಂಗನೆಯರಲ್ಲ. ಪಕ್ಕದ ಮನೆಯಲ್ಲಿ ಇರಬಹುದಾದವರು. ಭರತನು ಸ್ತ್ರೀಯರಿಗೆ ಹಚ್ಚಿದ ಹಾಸ್ಯವನ್ನು ಇವರು ವಿವೇಕದ ದಾರಿಯಾಗಿ ಮಾಡಿದ್ದಾರೆ.

ಅದೇ ಭರತನು ನಗೆಯಲ್ಲಿ ಆರು ಬಗೆಗಳನ್ನು ಹೇಳಿ, ಸ್ಮಿತ ಮತ್ತು ಹಸಿತಗಳನ್ನು ಉತ್ತಮರಿಗೆ ಮೀಸಲಿಟ್ಟ. ಇಂತಹ ಕಾದಂಬರಿಗಳು ಓದುಗನ ಮುಖದಲ್ಲಿ ಮೂಡಿಸುವುದು ಬಹುಮಟ್ಟಿಗೆ ಆ ಎರಡನ್ನೇ. ಅವನ್ನು ಮೆಚ್ಚಿ ಓದಿದ ವಿದ್ಯಾರ್ಥಿ ಅದನ್ನು ಮುಚ್ಚಿಡಬೇಕಾಗಿಲ್ಲ. ತಾನು ನಕ್ಕದ್ದು ಯಾವ ವಾಕ್ಯದಲ್ಲಿ, ಏತಕ್ಕೆ ಎಂದು ಕೇಳಿಕೊಂಡರೆ ಸಾಕು, ವಿಮರ್ಶೆ ಅಲ್ಲಿಂದಲೇ ಆರಂಭವಾಗುತ್ತದೆ.