ಟೈರಿನ ಮೇಲಿನ ಶಾಸನ

ಕಾಫಿ ಲೋಟ ಕೆಳಗಿಡುವ ಮೊದಲೇ ಮಗ ಮೊಬೈಲನ್ನು ಮುಖಕ್ಕೆ ಹಿಡಿದ. “ಅಪ್ಪಾ, ಹಿಂದಕ್ಕೆ ಈ ದಪ್ಪ ಟೈರ್ ಹಾಕ್ಸಣ. ಲುಕ್ ಬರ್ತದೆ.” ಹದಿನೆಂಟು ತುಂಬಿ ಲೈಸೆನ್ಸು ಬಂದ ಹೊಸತು. ಆಕ್ಟಿವಾದ ಹಿಂದಿನ ಟೈರು ಸವೆದು ಬೋಳಾಗಿದೆ. ಅದರ ಮೇಲೆಯೇ ದಿನವೂ ಸೂಲಿಬೆಲೆಯಿಂದ ಹೊಸಕೋಟೆಗೆ, ಜಲ್ಲಿ ಟಿಪ್ಪರುಗಳ ಮಧ್ಯೆ ಸವಾರಿ. ಇವನಿಗೆ ಲುಕ್ಕಿನ ಚಿಂತೆ! ಗಾಳಿ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಅದನ್ನು ಮೊದಲು ಕಟ್ಟಿದ್ದೂ ಮಗನ ಮೂರು ಚಕ್ರದ ಸೈಕಲ್ಲಿಗೇ. ಆ ಹುಡುಗ ಲುಕ್ ಕೇಳಿದ ದಾಖಲೆಯಿಲ್ಲ.

ಕಂಪನಿ ಹೇಳಿದ ಸೈಜೇ ಇರಲಿ, ಬಿಲ್ಲು ಇಸಕೊಳ್ಳಿ. ಇಷ್ಟನ್ನು ಪಂಕ್ಚರ್ ಹಾಕುವ ಹುಡುಗನೂ ಹೇಳುತ್ತಾನೆ. ನಮ್ಮದು 90/100-10, 53 ಜೆ. 53 ಅಂದರೆ ಆ ಟೈರು 206 ಕೆ.ಜಿ. ಹೊರಬಲ್ಲದು, ಜೆ ಅಂದರೆ ಗಂಟೆಗೆ 100 ಕಿ.ಮೀ. ತನಕ ತಾಳಬಲ್ಲದು. ತ್ರಿಬಲ್ಸ್ ಹೊಡೆಯುವ ಗೆಳೆಯರ ತೂಕವನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿ ಬಾಯಿ ಮುಚ್ಚಿಕೊಂಡೆ.

ಅಂಗಡಿಯವರು “ಆಫರಲ್ಲಿ ಅದೆ ಸಾರ್, ಹೊಸಾದು” ಎಂದು ಅಟ್ಟದಿಂದ ಒಂದನ್ನು ಇಳಿಸಿದರು. ಮೈಮೇಲೆ ರಬ್ಬರಿನ ಕೂದಲು ಹಾಗೇ ನಿಂತಿತ್ತು. ಮಗ ಒಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ. ನಾನು ಧೂಳು ಒರೆಸಿ ಟೈರಿನ ಪಕ್ಕೆ ಓದುತ್ತಾ ಕುಕ್ಕರಗಾಲಲ್ಲಿ ಕೂತೆ. ಒಂದು ಮೂಲೆಯಲ್ಲಿ ನಾಲ್ಕೇ ಅಂಕಿ: 2319. ತಯಾರಾದದ್ದು 2019ನೇ ಇಸವಿಯ 23ನೇ ವಾರ, ಅಂದರೆ ಜೂನ್. ಒಂದು ಮಾರು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಡುಸಾಗುತ್ತದೆ, ಮಳೆಯಲ್ಲಿ ರಸ್ತೆ ಹಿಡಿಯುವುದಿಲ್ಲ. ರೇಟು ಯಾಕೆ ಇಳಿದಿತ್ತೆಂದು ಆಗ ಹೊಳೆಯಿತು.

ಇಷ್ಟು ಮುಖ್ಯವಾದ ತಾರೀಖನ್ನು ಇಷ್ಟು ಗುಟ್ಟಾಗಿ ಬರೆಯುವುದು ಯಾವ ನ್ಯಾಯ? ನಮ್ಮ ಶಾಸನಗಳನ್ನು ನೋಡಿ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯದೆಲ್ಲ ಇದೆ, ನಮ್ಮ ಹೊಸಕೋಟೆ ತಾಲ್ಲೂಕಿನದೂ ಸೇರಿ. ಒಂದು ತುಂಡು ಗದ್ದೆಯ ದಾನಕ್ಕೂ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ! ಜೊತೆಗೆ ಕೊನೆಯಲ್ಲಿ ಶಾಪ: ಈ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಬಿದ್ದಿರಲಿ ಎಂದು. ಹಳೇ ಸ್ಟಾಕನ್ನು ಹೊಸದೆಂದು ಮಾರುವವರಿಗೆ ಈ ಒಂದು ಸಾಲನ್ನು ಟೈರಿನ ಪಕ್ಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಜಾಗ ಸಾಲದಿದ್ದರೆ ಹುಳುವಿನ ಚಿತ್ರವಾದರೂ ಸಾಕು. ವೀರಗಲ್ಲಿನಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದನ್ನೇ ಕೆತ್ತಿದವರಿಗೆ ಹುಳು ಯಾವ ಲೆಕ್ಕ?

“ಅಪ್ಪಾ, ಕಾಲೇಜಿಗೆ ಟೈಮಾಯ್ತು.”

ಆರು ತಿಂಗಳ ಹಿಂದಿನದೊಂದು ಸಿಕ್ಕಿತು, ಇನ್ನೂರು ಜಾಸ್ತಿ. ಬಿಚ್ಚಿದ ಹಳೆಯದು ನನ್ನ ಕಾಲ ಬಳಿ ಉರುಳಿ ಬಂತು. ಕೋಲು ಹಿಡಿದು ಓಡಿಸುವ ಆಟಕ್ಕೆ ಈ ಸ್ಕೂಟರ್ ಟೈರು ನಾಲಾಯಕ್ಕು. ಗಿಡ್ಡ, ನಾಲ್ಕು ಹೆಜ್ಜೆಗೇ ಮಲಗಿಬಿಡುತ್ತದೆ. ಅದಕ್ಕೆ ಸೈಕಲ್ ಟೈರೇ ಆಗಬೇಕು. ತಿರುವಿನಲ್ಲಿ ಹೊಡೆಯಬಾರದು, ಕೋಲನ್ನು ಒಳಮೈಗೆ ಮೆತ್ತಗೆ ಒತ್ತಬೇಕು. ಕೋಲು ಹುಣಸೆಯದಾದರೆ ಒಳ್ಳೆಯದು ಎಂದೆ. ಅಂಗಡಿಯವರು ಸ್ಪ್ಯಾನರ್ ಕೆಳಗಿಟ್ಟು, “ಹೊಂಗೇದು ಸಾರ್, ಹುಣಸೇದು ಕೈಗೆ ಹೊಡೀತದೆ” ಅಂದರು. ಹೊಂಗೆಯ ಕೋಲು ಬಳುಕುತ್ತದೆಯಲ್ಲಾ ಮಾರಾಯರೇ?