ನಾನು ಹಾರಿಸಿದ ಹಾಳೆಗಳು

ಬಾಲ್ಯದಲ್ಲಿ ಮೆಚ್ಚಿದ ಪುಸ್ತಕವನ್ನು ಬೆಳೆದ ಮೇಲೆ ಮತ್ತೊಮ್ಮೆ ಓದಬಾರದು, ಹಿಂದಿನ ಸವಿ ಉಳಿಯದು ಎಂದು ಹೇಳುವವರುಂಟು. ನನ್ನ ಮಟ್ಟಿಗೆ ಸವಿ ಉಳಿಯಲಿಲ್ಲವೆಂಬುದು ನಿಜ. ಆದರೂ ಮತ್ತೊಮ್ಮೆ ಓದಿದುದು ಒಳ್ಳೆಯದಾಯಿತೆಂದೇ ನನ್ನ ಭಾವನೆ.

ನನಗಾಗ ಹನ್ನೆರಡರ ಪ್ರಾಯ, ಏಳನೆಯ ತರಗತಿ. ಶಾಲೆಯ ಕಪಾಟಿನಿಂದ ಮಾಸ್ತರರು ತೆಗೆದುಕೊಟ್ಟ ಪುಸ್ತಕ ಶಿವರಾಮ ಕಾರಂತರ 'ಚೋಮನ ದುಡಿ'. 1933ರಲ್ಲಿ ಮೊದಲು ಅಚ್ಚಾದ ಕಾದಂಬರಿಯದು. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಕಾರಂತರು ನಮ್ಮ ಸೀಮೆಯವರೇ. ಕಥೆಯ ಗುಡ್ಡ, ಮಳೆ, ಗದ್ದೆಗಳೂ ನಮ್ಮವೇ. ಪಠ್ಯಪುಸ್ತಕವಲ್ಲದ ಪುಸ್ತಕವೊಂದು ನಮ್ಮ ಮನೆಯ ಹೊಸ್ತಿಲು ದಾಟಿದುದು ಅದೇ ಮೊದಲು.

ಸಂಜೆ ಅಕ್ಕ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವಳು. ನಾನು ಎದುರು ಕುಳಿತು ಗಟ್ಟಿಯಾಗಿ ಓದುವೆನು. ಚೋಮನ ಆಸೆ ನನಗೆ ಸುಲಭವಾಗಿ ತಿಳಿಯಿತು. ಅವನಿಗೆ ತುಂಡು ನೆಲ ಬೇಕು, ತಾನೇ ಬೇಸಾಯ ಮಾಡಬೇಕು. ಹುಟ್ಟಿದ ಜಾತಿಯ ದೆಸೆಯಿಂದ ಅದು ದೊರೆಯದು. ಎಷ್ಟು ಕಷ್ಟ ಬಂದರೂ ಎತ್ತುಗಳನ್ನು ಮಾರಲಾರ. ದುಃಖ ಉಕ್ಕಿದಾಗ ದುಡಿ ಬಾರಿಸುತ್ತಾನೆ. ಮರುದಿನವೇ ಖಾಲಿ ಡಬ್ಬಿಯೊಂದು ನನ್ನ ದುಡಿಯಾಯಿತು. ಅಮ್ಮ ಬೈದು ಕಸಿದುಕೊಳ್ಳುವವರೆಗೂ ಬಾರಿಸಿದೆ.

ಸಾಲ ತೀರಿಸಲೆಂದು ಮಗಳು ಬೆಳ್ಳಿ ಕಾಫಿತೋಟಕ್ಕೆ ಹೋದ ಭಾಗ ಬಂದಾಗ ನನಗೆ ಬೇಸರವಾಯಿತು. ಅಲ್ಲಿ ದುಡಿಯೂ ಇಲ್ಲ, ಎತ್ತುಗಳೂ ಇಲ್ಲ. ಬರೆದುದರಲ್ಲಿ ಕೆಲವು ಅರ್ಥವೂ ಆಗಲಿಲ್ಲ. ಹಲವು ಹಾಳೆ ಮಗುಚಿ, ಸಾಲ ತೀರಿ ಬೆಳ್ಳಿ ಮನೆಗೆ ಬಂದಳೆಂದು ಓದಿದೆ. ಅಕ್ಕನ ಕೈ ನಿಂತಿತು.

"ಅಷ್ಟು ಬೇಗ ಸಾಲ ಹೇಗೆ ತೀರಿತು?"

"ತೀರಿತು ಅಂತ ಬರೆದಿದ್ದಾರಲ್ಲ, ನೀನು ಸುಮ್ಮನೆ ಕೇಳು."

ಅಕ್ಕ ಮತ್ತೆ ಕೇಳಲಿಲ್ಲ.

ಈ ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಅದೇ ಪುಸ್ತಕ ಕೈಗೆ ಸಿಕ್ಕಿತು. ಅಂದು ಮಗುಚಿದ ಹಾಳೆಗಳನ್ನು ಇಂದು ದಾಟಲಾರದೆ ಕುಳಿತೆ. ಸಾಲ ತೀರಿದುದು ಬೆಳ್ಳಿಯ ಕೂಲಿಯಿಂದಲ್ಲ. ತೋಟದ ರೈಟರ್ ಮನ್ವೇಲನೂ ಧಣಿಯೂ ಅವಳ ಮಾನವನ್ನೇ ಅದಕ್ಕೆ ಬೆಲೆಯಾಗಿ ಪಡೆದಿದ್ದರು. ಸಾಲ ತೀರಿತೆಂದು ಚೋಮನಿಗೆ ಸಂತೋಷ. ತೀರಿದ ಬಗೆಯನ್ನು ಬೆಳ್ಳಿ ತನ್ನೊಳಗೇ ಇಟ್ಟುಕೊಳ್ಳುತ್ತಾಳೆ. ನೀಲ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂದು ಯಾರೂ ಕೈಹಿಡಿದೆತ್ತದ ಪ್ರಸಂಗಕ್ಕೆ ಅಂದೂ ಅತ್ತಿದ್ದೆ, ಇಂದೂ ಅತ್ತೆ. ಚೋಮ ನನ್ನ ಕಣ್ಣಿಗೆ ಸಣ್ಣವನಾಗಲಿಲ್ಲ. ಆದರೆ ಅವನಿಗೆ ಬಾರಿಸಲು ದುಡಿಯಿತ್ತು. ಬೆಳ್ಳಿಗೆ ದುಡಿಯುವುದೊಂದೇ ಇತ್ತು. ಕಾರಂತರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಾಳೆ ಹಾರಿಸಿದವನು ನಾನು.

ಹಾರಿಸಿದುದು ಪುಸ್ತಕದ ಹಾಳೆಗಳನ್ನು ಮಾತ್ರವೇ? ಅಕ್ಕ ಹತ್ತನೆಯ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದವಳು. ಅಪ್ಪ ಅಡಿಕೆಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅವಳ ಓದು ನಿಂತಿತು. ಇಪ್ಪತ್ತೈದರ ಕಟ್ಟುಗಳಾಗಿ ಅವಳು ಕಟ್ಟಿದ ಬೀಡಿಗಳೇ ನನ್ನ ಶುಲ್ಕ, ಬಸ್ಸಿನ ಖರ್ಚು, ಮೈಮೇಲಿನ ಅಂಗಿ. ಅಕ್ಕನಿಗೆ ಬೆಳ್ಳಿಯ ಗತಿ ಬಂದಿಲ್ಲ; ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು. ಆದರೂ 'ನಮ್ಮ ಮನೆಯ ಮೊದಲ ಪದವೀಧರ' ಎಂದು ನೆಂಟರು ನನ್ನನ್ನು ಹೊಗಳುವಾಗ, ಅದಕ್ಕೆ ಬೆಲೆ ತೆತ್ತವರು ಯಾರೆಂದು ಒಬ್ಬರೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ದೀಪಾವಳಿಯ ರಜೆಯಲ್ಲಿ ಪುಸ್ತಕವನ್ನು ಮನೆಗೆ ಒಯ್ದೆ. ಮೊರದ ಎದುರು ಕುಳಿತು, ಹಾರಿಸಿದ್ದ ಹಾಳೆಗಳನ್ನು ಒಂದೂ ಬಿಡದೆ ಓದಿದೆ. ಎರಡು ಕಡೆ ನನ್ನ ಸ್ವರ ತಡೆಯಿತು. ಅಕ್ಕ ಎಲೆ ಕತ್ತರಿಸುತ್ತಲೇ ಕೇಳಿದಳು.

"ನನಗೆ ಆಗಲೇ ಗೊತ್ತಾಗಿತ್ತು ತಮ್ಮಾ," ಎಂದಳು. "ನೀನು ಸಣ್ಣವ ಅಂತ ಸುಮ್ಮನಾದೆ."

ಸ್ವಲ್ಪ ಹೊತ್ತು ಬಿಟ್ಟು, "ನಿಲ್ಲಿಸಿದ್ದು ಯಾಕೆ? ಮುಂದೆ ಓದು," ಎಂದಳು.

ಈ ವಾರ್ಷಿಕ ಸಂಚಿಕೆ ಕೈಗೆ ಬಂದೊಡನೆ ಅವಳಿಗೆ ಕೊಡುವೆನು. ಇದನ್ನು ನಾನು ಓದಿ ಹೇಳುವುದು ಬೇಡ, ಅವಳೇ ಓದಲಿ. ಅಷ್ಟು ಹೊತ್ತು ಮೊರ ನನ್ನ ತೊಡೆಯ ಮೇಲಿರಲಿ.