ಮೆಜೆಸ್ಟಿಕ್‌ನಿಂದ ಮ್ಯೂಸಿಯಂವರೆಗೆ: ನಾಲ್ಕು ಕಿಲೋಮೀಟರಿನ ಪಾಠ

ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಮೇ–ಜೂನ್ ತಿಂಗಳು ಬಂತೆಂದರೆ ಫೈಲು ಹಿಡಿದ ಮಕ್ಕಳು, ಪಕ್ಕದಲ್ಲಿ ಅವರ ಅಪ್ಪಂದಿರು ಕಾಣಸಿಗುತ್ತಾರೆ. ಕಾಲೇಜಿನ ಅರ್ಜಿ, ದಾಖಲೆ ಪರಿಶೀಲನೆ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ಊಟ ಮಾಡಿ ಸಂಜೆಯ ಬಸ್ಸಿಗೆ ವಾಪಸು. ರಾಜಧಾನಿ ಎಂದರೆ ಬಸ್ ನಿಲ್ದಾಣ ಮತ್ತು ಕ್ಯೂ ಎಂಬಷ್ಟೇ ನೆನಪು ಉಳಿಯುತ್ತದೆ. ಅರ್ಧ ದಿನ ಬಿಡುವು ಮಾಡಿಕೊಂಡರೆ ಗೈಡ್ ಇಲ್ಲದೆಯೇ ನೋಡಬಹುದಾದ ದಾರಿಯೊಂದಿದೆ. ಸುಮಾರು ನಾಲ್ಕು ಕಿ.ಮೀ. ನಡಿಗೆ.

ಮೆಜೆಸ್ಟಿಕ್‌ನಿಂದ ಕೆಂಪೇಗೌಡ ರಸ್ತೆ ಹಿಡಿದರೆ ಮೈಸೂರು ಬ್ಯಾಂಕ್ ವೃತ್ತ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜನರ ಬಾಯಲ್ಲಿ ಹೆಸರು ಮಾತ್ರ ಹಾಗೇ ಇದೆ. ಪಕ್ಕದಲ್ಲೇ ಗಡಿಯಾರದ ಗೋಪುರ ಹೊತ್ತ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಶುರುವಾದ ಸಂಸ್ಥೆಯಿದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಬುನಾದಿಯಾದ ಎರಡು ಕಾಲೇಜುಗಳಲ್ಲಿ ಒಂದು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಸಿಕ್ಕ ಫಲವನ್ನು ಸಿ.ವಿ. ರಾಮನ್ ಅವರು ಮಾರ್ಚ್ 16ರಂದು ಇದೇ ಕಾಲೇಜಿನಲ್ಲಿ ಉಪನ್ಯಾಸದ ಮೂಲಕ ವಿವರಿಸಿದರು. ಎರಡು ವರ್ಷದಲ್ಲಿ ನೊಬೆಲ್ ಬಂತು. ಬೆಳಕು ದ್ರವದ ಅಣುಗಳಿಗೆ ತಾಗಿ ಚದುರುವಾಗ ಅದರ ಅಲ್ಪ ಭಾಗ ಬಣ್ಣ ಬದಲಿಸುತ್ತದೆ ಎಂಬುದೇ ಆ ಶೋಧನೆ. ಮೊದಮೊದಲ ಪ್ರಯೋಗಗಳಿಗೆ ಅವರು ಬಳಸಿದ್ದು ಬಿಸಿಲನ್ನೇ. ಬಿಸಿಲಿಗೇನು, ಪಾವಗಡದಲ್ಲಿ ಬರವೇ?

ವಿಶ್ವೇಶ್ವರಯ್ಯನವರೂ ಇಲ್ಲಿಯ ವಿದ್ಯಾರ್ಥಿ. ಮುದ್ದೇನಹಳ್ಳಿಯ ಹುಡುಗ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಮನೆಪಾಠ ಹೇಳಿ ಓದಿನ ಖರ್ಚು ತೂಗಿಸಿದರು. ಈಗ ಇಲ್ಲಿಯ ಮೆಟ್ರೋ ನಿಲ್ದಾಣಕ್ಕೆ ಅವರದೇ ಹೆಸರು.

ಅರಮನೆ ರಸ್ತೆಯಲ್ಲಿ ಮುಂದೆ ಸಾಗಿದರೆ ಮಹಾರಾಣಿ ಕಾಲೇಜು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ತಂದೆ–ತಾಯಿ ಗೇಟಿನ ಬಳಿ ಹತ್ತು ನಿಮಿಷ ನಿಂತು ನೋಡಿ. ಬ್ಯಾಗು ನೇತುಹಾಕಿಕೊಂಡು ಬರುವ ಹುಡುಗಿಯರ ಸಾಲು ಯಾವ ಭಾಷಣಕ್ಕಿಂತಲೂ ಹೆಚ್ಚು ಧೈರ್ಯ ಹೇಳುತ್ತದೆ.

ಅಲ್ಲಿಂದ ಬಲಕ್ಕೆ ಶೇಷಾದ್ರಿ ರಸ್ತೆಯಲ್ಲಿ ಹೋದರೆ ಕೆ.ಆರ್. ವೃತ್ತ. ಮನೆಪಾಠ ಹೇಳಿ ಓದಿದ ಆ ಹುಡುಗ ದಿವಾನರಾಗಿದ್ದಾಗ, 1917ರಲ್ಲಿ, ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ಇಲ್ಲಿದೆ. ಯುವಿಸಿಇ ಎಂದರೆ ಎಲ್ಲರಿಗೂ ಗೊತ್ತು. ತನಗೆ ಸಿಕ್ಕ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದು ಹೇಗೆಂದು ತಿಳಿಯಲು ಈ ಒಂದು ಕಿ.ಮೀ. ಸಾಕು.

ಮುಂದಿನದು ಅಂಬೇಡ್ಕರ್ ವೀಧಿ. ಒಂದು ಬದಿಗೆ 1868ರ ಕೆಂಪು ಬಣ್ಣದ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಎದುರಿಗೆ 1956ರಲ್ಲಿ ಪೂರ್ಣಗೊಂಡ ವಿಧಾನಸೌಧ. ಅದರ ಕಲ್ಲು ಗ್ರಾನೈಟ್. ನಮ್ಮ ಕೋಟೆ ಬೆಟ್ಟದ್ದೂ ಅದೇ ಜಾತಿ. ಹೈಕೋರ್ಟಿನ ಹಿಂದೆ ಕಬ್ಬನ್ ಪಾರ್ಕು, ಅದರ ನಡುವೆ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದ ದಿವಾನರ ನೆನಪಿಗೆ ಕಟ್ಟಿದ್ದು. ಒಳಗೆ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಮಕ್ಕಳು ಪುಸ್ತಕದ ಕಪಾಟುಗಳನ್ನಾದರೂ ನೋಡಲಿ.

ಪಾರ್ಕು ದಾಟಿದರೆ ಕಸ್ತೂರ್ಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ರೈಟ್ ಸಹೋದರರ 1903ರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇಲ್ಲಿದೆ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಕಲಿಯುವ ಮಾದರಿಗಳೂ ಇವೆ. ಇದಕ್ಕೆ ಟಿಕೆಟ್ ಇದೆ; ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ.

ಬೆಳಿಗ್ಗೆ ಬೇಗ ಹೊರಡಿ, ಕುಡಿಯುವ ನೀರು ಜೊತೆಗಿರಲಿ. ಕಾಲೇಜುಗಳ ಒಳಗೆ ಹೋಗಲು ಕಾವಲುಗಾರರನ್ನು ಕೇಳಿ. ಬಿಡದಿದ್ದರೆ ಬೇಸರ ಬೇಡ, ಹೊರಗಿನಿಂದಲೇ ನೋಡಿ. ಹಿಂತಿರುಗಲು ಕಬ್ಬನ್ ಪಾರ್ಕ್ ನಿಲ್ದಾಣದಿಂದ ನೇರ ಮೆಜೆಸ್ಟಿಕ್‌ಗೆ ಮೆಟ್ರೋ ಉಂಟು.

‘ದೊಡ್ಡ ಕಾಲೇಜು ನಮ್ಮಂಥವರಿಗಲ್ಲ’ ಎಂಬ ಮಾತನ್ನು ನಮ್ಮ ಗಡಿ ತಾಲ್ಲೂಕಿನಲ್ಲಿ ಅಂಕಪಟ್ಟಿ ನೋಡುವ ಮೊದಲೇ ಆಡಿಬಿಡುತ್ತೇವೆ. ಈ ದಾರಿಯ ಕಾಲೇಜುಗಳು ಸರ್ಕಾರದವು, ಅಂದರೆ ನಮ್ಮವು. ಗೇಟು ಎಲ್ಲಿದೆ ಎಂದು ಕಂಡಿದ್ದರೆ ಅರ್ಜಿ ತುಂಬುವಾಗ ಮಗುವಿನ ಕೈ ನಡುಗುವುದಿಲ್ಲ.